ಚಲುವ ಸೋತು ಬಂದ

ಬಿಳಿಕೆರೆ, ೧೪ ಡಿಸೆಂಬರ್ ೧೯೬೬, ಬುಧವಾರ

ರಾಷ್ಟ್ರೀಯ ಫುಟ್‌ಬಾಲ್ ಕಪ್ಪಿನ ಸೆಮಿಫೈನಲ್‌ನಲ್ಲಿ ನಮ್ಮ ತಂಡದ ಗೋಲ್‌ಕೀಪರ್ ತಲೆಗೆ ಒದೆ ಬಿದ್ದು ಪ್ರಜ್ಞೆ ತಪ್ಪಿದನೆಂದು ಸೋಮವಾರ ಪತ್ರಿಕೆಯಲ್ಲಿ ಓದಿದಾಗಿನಿಂದ ನನಗೆ ಅನ್ನ ಇಳಿದಿರಲಿಲ್ಲ. ಆ ಗೋಲ್‌ಕೀಪರ್ ನನ್ನ ತಮ್ಮ ಚಲುವ. ಅವ್ವನಿಗೆ ಹೇಳಲು ಧೈರ್ಯವಾಗಿರಲಿಲ್ಲ.

ಇಂದು ಸಂಜೆ ಮೈಸೂರಿನ ಬಸ್ಸಿನಿಂದ ಅವನೇ ಇಳಿದು ಬಂದ. ಹಣೆಗೆ ಪಟ್ಟಿ ಕಟ್ಟಿತ್ತು.

“ಸೋತೋದೊ ಕಣಕ್ಕ. ಈ ವರ್ಸದ ಕಪ್ಪು ಮುಗೀತು,” ಎಂದು ತಲೆ ತಗ್ಗಿಸಿದ.

ಒಳಗಿನಿಂದ ಬಂದ ಅವ್ವ ಅವನ ಕೆನ್ನೆ ಸವರಿದಳು. “ಕಪ್ಪು ಓದ್ರೆ ಓಗ್ಲಿ ಬುಡ್ಲಾ. ನಿಂಗೆ ಎಚ್ರ ಆಯ್ತಲ್ಲ, ಅಷ್ಟು ಸಾಕು.”

ಅಂದರೆ ಅವಳಿಗೂ ಗೊತ್ತಿತ್ತು! ಅಂಗಡಿಯಲ್ಲಿ ಯಾರೋ ಹೇಳಿದ್ದರಂತೆ. ನಾನು ಹೆದರುತ್ತೇನೆಂದು ಬಾಯಿ ಬಿಟ್ಟಿರಲಿಲ್ಲ. ಇಬ್ಬರೂ ಒಬ್ಬರನ್ನೊಬ್ಬರು ನೋಡಿ ನಕ್ಕೆವು, ಆಮೇಲೆ ಅತ್ತೆವು. ಚಲುವನಿಗೆ ಏನೂ ಅರ್ಥವಾಗಲಿಲ್ಲ. ಹಸಿವೆಂದು ಮುದ್ದೆ ಕೇಳಿದ.

ಈಗ ಪಡಸಾಲೆಯಲ್ಲಿ ಗೊರಕೆ ಹೊಡೆಯುತ್ತಿದ್ದಾನೆ. ಕೇಳುತ್ತ ಕೇಳುತ್ತ ನನಗೂ ಕಣ್ಣು ಎಳೆಯುತ್ತಿದೆ.