ಹೆಗಲು ಮುಟ್ಟಿ ನೋಡಿಕೊಂಡವನ ಅಕ್ಕನಿಂದ

ಅಪರಾಧ ತನಿಖಾ ವಿಭಾಗದ ಮುಖ್ಯಸ್ಥರಾದ ಮಾನ್ಯರೇ,

ಗೋದಾಮುಗಳಿಗೆ ಬೆಂಕಿ ಇಟ್ಟವನು ನನ್ನ ತಮ್ಮನಲ್ಲ ಎಂಬುದು ತಮಗೆ ತಿಳಿದಿದೆ. ಇಟ್ಟವನು ಸಿಕ್ಕಿದ್ದಾನೆ, ಒಪ್ಪಿಕೊಂಡಿದ್ದಾನೆ, ಜೈಲಿನಲ್ಲಿದ್ದಾನೆ. ಹೀಗಿದ್ದೂ ಕಳೆದ ವಾರ ಊರಿನ ಇನ್ನೊಂದು ತುದಿಯಲ್ಲಿ ಕಸದ ರಾಶಿ ಹೊತ್ತಿಕೊಂಡಾಗ ತಮ್ಮ ಜೀಪು ಮೊದಲು ಬಂದು ನಿಂತದ್ದು ನನ್ನ ತಮ್ಮನ ಗಡಿಯಾರ ರಿಪೇರಿ ಅಂಗಡಿಯ ಮುಂದೆ. ಯಾಕೆಂದು ಕೇಳಿದರೆ ತಮ್ಮ ಇನ್ಸ್‌ಪೆಕ್ಟರು, "ತಜ್ಞರು ಕೊಟ್ಟ ಚಿತ್ರಣಕ್ಕೆ ಇವ್ರೇ ಹೊಂದ್ತಾರಲ್ಲ ಮೇಡಂ" ಎಂದರು. ಅಪರಾಧಿ ಬೇರೆಯವನಾದರೂ ಹೋಲಿಕೆ ಮಾತ್ರ ನನ್ನ ತಮ್ಮನದೇ ಎಂಬ ಈ ವಿಜ್ಞಾನಕ್ಕೆ ದೊಡ್ಡ ನಮಸ್ಕಾರ.

ಆ ಚಿತ್ರಣ ಪತ್ರಿಕೆಯಲ್ಲೂ ಬಂದಿತ್ತು. ಬೆಂಕಿ ಇಟ್ಟ ರೀತಿಯನ್ನು ನೋಡಿ, ಇಟ್ಟವನ ಸ್ವಭಾವವನ್ನು ತಮ್ಮ ತಜ್ಞರು ಹೀಗೆ ಊಹಿಸಿದ್ದರು: ನಡುವಯಸ್ಸಿನ ಗಂಡಸು, ಒಂಟಿ, ಮಿತಭಾಷಿ, ವಿಪರೀತ ಅಚ್ಚುಕಟ್ಟು, ಚಿಕ್ಕಂದಿನಲ್ಲೇ ತಂದೆಯನ್ನು ಕಳೆದುಕೊಂಡವನು, ಬೆಂಕಿ ಬಿದ್ದಾಗ ಗುಂಪಿನಲ್ಲಿ ನಿಂತು ನೋಡುವವನು. ನಾನು ಹೊಲಿಗೆ ಕಲಿಸುವವಳು. ಎಲ್ಲರಿಗೂ ಆಗುವ ಅಂಗಿ ಯಾರ ಅಳತೆಗೂ ಹೊಲಿದದ್ದಲ್ಲ ಎಂದು ಮೊದಲ ಪಾಠದಲ್ಲೇ ಹೇಳುತ್ತೇನೆ. ಗುಂಪಿನಲ್ಲಿ ನಿಂತು ನೋಡಿದವರೆಂದರೆ ಇಡೀ ಬೀದಿ. ತಾವು ತೆಗೆಸಿದ ಫೋಟೋದಲ್ಲಿ ನಾನೂ ಇದ್ದೇನೆ, ಕೈಯಲ್ಲಿ ಸೌಟು ಹಿಡಿದುಕೊಂಡು.

ನನ್ನ ತಮ್ಮ ಮಾತಾಡುವುದೇ ಅಪರೂಪ, ತಮಾಷೆ ಮಾಡುವುದಂತೂ ಇಲ್ಲವೇ ಇಲ್ಲ. ಅಂಥವನು ಕ್ಷೌರದಂಗಡಿಯಲ್ಲಿ ಕೂತು ಆ ಪತ್ರಿಕೆ ಓದಿ, "ಅರೆ, ಇದು ನನ್ ಬಗ್ಗೆನೇ ಬರ್ದಂಗಿದೆ" ಎಂದು ನಕ್ಕನಂತೆ. ಸಂಜೆಯ ಹೊತ್ತಿಗೆ ಆ ಮಾತು ಠಾಣೆ ಮುಟ್ಟಿತು, ಅವನನ್ನು ಹಿಡಿದುಕೊಂಡು ಹೋದರು. ಬಿಡಿಸಿಕೊಳ್ಳಲು ಓಡಿಹೋದ ನನಗೆ ಇನ್ಸ್‌ಪೆಕ್ಟರು, "ಕುಂಬಳಕಾಯಿ ಕಳ್ಳ ಅಂದ್ರೆ ಇವ್ರ್ಯಾಕೆ ಹೆಗಲು ಮುಟ್ಟಿ ನೋಡ್ಕೊಬೇಕಿತ್ತು?" ಎಂದು ಕೇಳಿದರು. ಹಾಗಿದ್ದರೆ ಹೊರಗಿನಿಂದ ತಜ್ಞರನ್ನು ಯಾಕೆ ಕರೆಸಿದಿರಿ? ಈ ಗಾದೆ ನಮ್ಮಜ್ಜಿಗೂ ಬರುತ್ತಿತ್ತಲ್ಲ?

ಅವನ ಬಾಲ್ಯ, ನಿದ್ದೆ, ಮದುವೆಯಾಗದ ಕಾರಣ ಎಲ್ಲವನ್ನೂ ಕೆದಕಿ ಕೇಳಿದರು. ಬೆಂಕಿ ಬಿದ್ದ ಸಂಜೆ ಎಲ್ಲಿದ್ದೆ ಎಂದು ಮಾತ್ರ ಯಾರೂ ಕೇಳಲಿಲ್ಲ. ನನ್ನ ಮನೆಯಲ್ಲಿ, ಕೆಟ್ಟುಹೋದ ನಲ್ಲಿಯ ಕೆಳಗೆ ಮಲಗಿ ವಾಷರ್ ಹಾಕುತ್ತಿದ್ದ. ಕೂಗಾಟ ಕೇಳಿ ಇಬ್ಬರೂ ಒಟ್ಟಿಗೇ ಬೀದಿಗೆ ಓಡಿದೆವು. ಇದನ್ನು ಹೇಳಲು ಹೋದರೆ, "ಅಕ್ಕ ಅಂದ್ಮೇಲೆ ಹಾಗೇ ಹೇಳ್ತೀರಿ ಬಿಡಿ" ಎಂದರು.

ಕೊನೆಗೆ ಸಿಕ್ಕವನು ಗೋದಾಮುಗಳ ಕಾವಲುಗಾರ. ಸುಟ್ಟ ಗೋದಾಮುಗಳಲ್ಲಿ ಒಂದರ ಬೀಗವನ್ನೂ ಯಾರೂ ಒಡೆದಿರಲಿಲ್ಲ. ಎಲ್ಲದರ ಕೀಲಿಕೈ ಇದ್ದದ್ದು ಅವನ ಬಳಿ. ಹೊಸದಾಗಿ ಬಂದ ಪೇದೆಯೊಬ್ಬರು ಕೀಲಿಕೈ ಯಾರ ಬಳಿ ಇತ್ತು ಎಂದು ಕೇಳಿದರು, ಅಷ್ಟೇ. ಆ ಮನುಷ್ಯನಿಗೆ ಹೆಂಡತಿ, ಮಕ್ಕಳು, ಬದುಕಿರುವ ಅಪ್ಪ ಎಲ್ಲರೂ ಇದ್ದಾರೆ. ಬಾಯಿ ಬಿಟ್ಟರೆ ಮುಚ್ಚುವವನಲ್ಲ. ತಮ್ಮ ತಜ್ಞರು ಟೀವಿಯಲ್ಲಿ ಕಾಣಿಸಿಕೊಂಡು, ಅವನು ಒಳಗೊಳಗೇ ಒಂಟಿ ಎಂದು ವಿವರಿಸಿದರು. ಒಳಗೊಳಗೇ ಅಂದರೆ ಯಾರು ತಾನೇ ಒಂಟಿಯಲ್ಲ, ಮಾನ್ಯರೇ? ಹಾಗೆ ನೋಡಿದರೆ ತಾವೂ ಹೊಂದುತ್ತೀರಿ.

ಇಂಥ ಊಹೆಗಳಿಂದ ಉಪಯೋಗವೇ ಇಲ್ಲ ಎನ್ನುವಷ್ಟು ಹಟ ನನಗಿಲ್ಲ. ಯಾವ ಬಾಗಿಲನ್ನು ಮೊದಲು ತಟ್ಟಬೇಕು ಎಂದು ಅವು ಹೇಳಬಹುದು. ಆದರೆ ಬಾಗಿಲು ತೆರೆದ ಮೇಲೆ ಸಾಕ್ಷಿ ಸಿಗದಿದ್ದರೆ ವಾಪಸ್ ಹೋಗಬೇಕಲ್ಲವೇ? ತಾವು ಹೋಗುವುದಿಲ್ಲ. ಹೋದರೆ ತಪ್ಪು ಒಪ್ಪಿಕೊಂಡಂತಾಗುತ್ತದೆ ಎಂಬುದು ನನ್ನ ಅನುಮಾನ. ನಾನೂ ಒಂದು ಚಿತ್ರಣ ಬರೆದಿಟ್ಟಿದ್ದೇನೆ: ತಪ್ಪಾದರೆ ಒಪ್ಪದವರು, ಮಾತು ತಿರುಗಿಸುವವರು, ಘಟನೆಯ ನಂತರ ಕ್ಯಾಮೆರಾ ಮುಂದೆ ನಿಲ್ಲುವವರು. ದಯವಿಟ್ಟು ಯಾರೂ ಹೆಗಲು ಮುಟ್ಟಿ ನೋಡಿಕೊಳ್ಳಬಾರದು.

ನನ್ನ ತಮ್ಮನ ಮೇಜಿನ ಮೇಲೆ ಕಣ್ಣಿಗೆ ಕಾಣದಷ್ಟು ಚಿಕ್ಕ ಸ್ಕ್ರೂಗಳೂ ಅಳತೆವಾರು ಡಬ್ಬಿಗಳಲ್ಲಿ ಇರುತ್ತಿದ್ದವು. ಮೊನ್ನೆ ಹೋದಾಗ ಎಲ್ಲವನ್ನೂ ಮೇಜಿನ ಮೇಲೆ ಸುರಿದುಕೊಂಡು ಕೂತಿದ್ದ. ಬೇಕಾದ ಒಂದನ್ನು ಹುಡುಕಲು ಪರದಾಡುತ್ತಿದ್ದ. ಇದೇನೋ ಅಂದೆ. "ಅಚ್ಚುಕಟ್ಟಾಗಿದ್ರೆ ಅನುಮಾನ ಬರತ್ತಲ್ಲಕ್ಕಾ" ಅಂದ. ನಾನು ಅಲ್ಲೇ ಕೂತು ಅತ್ತೆ.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ತಮ್ಮ ಕಡತದಿಂದ ಅವನ ಹೆಸರು ಹೊಡೆದುಹಾಕಿ. ಆಮೇಲೆ ಒಂದು ಹಗಲು, ಇಡೀ ಬೀದಿ ನೋಡುವಂತೆ, ಅದೇ ಜೀಪಿನಲ್ಲಿ ಅವನ ಅಂಗಡಿಗೆ ಬಂದು ತಮ್ಮ ಕೈಗಡಿಯಾರ ಬಿಚ್ಚಿ ರಿಪೇರಿಗೆ ಕೊಡಿ. ಅವನು ತಲೆ ಎತ್ತದೆ ಕೆಲಸ ಮಾಡುತ್ತಾನೆ, ಒಂದು ಮಾತೂ ಆಡುವುದಿಲ್ಲ. ಅದರಿಂದ ದಯವಿಟ್ಟು ಏನನ್ನೂ ಊಹಿಸಬೇಡಿ.

ಇಂತಿ,
ಯಾವ ಚಿತ್ರಣಕ್ಕೂ ಇನ್ನೂ ಹೊಂದದೆ ಉಳಿದಿರುವ,
ಗಡಿಯಾರದವನ ಅಕ್ಕ