ಲೋಟದೊಳಗಿನ ಗೆರೆ

ಮಾರ್ಚ್ 4, ಸೋಮವಾರ. ಬೆಳಗ್ಗೆ

ಮಿರ್ಕೋ ದೋಣಿಗೆ ಹೋದ. ಲೋಟ ತೊಳೆದಿಟ್ಟೆ. ಗಾಳಿ ಇಲ್ಲ. ಬೊಂಡಾಸ ಮೀನು ಹಿಡಿಯುವ ಬುಟ್ಟಿಗಳನ್ನು ಇವತ್ತು ಉತ್ತರಕ್ಕೆ ಇಳಿಸುತ್ತಾನಂತೆ.

ಮೊರೆತ್ತಾ ಕಾಫಿಯ ಗೆರೆ ಚೆನ್ನಾಗಿ ಬಂತು. ಅದೇ ನನಗೆ ಸರಿಬೀಳುತ್ತಿಲ್ಲ.

ನಲವತ್ತು ವರ್ಷದಿಂದ ಇದೇ ಒಲೆಯ ಮುಂದೆ ಮಾಡುತ್ತಿದ್ದೇನೆ, ಮೊದಲು ಗಂಡ ಸೆಕೊಂಡೋಗೆ, ಈಗ ಮಗ ಮಿರ್ಕೋಗೆ. ಸೋಂಪಿನ ಸಾರಾಯಿ, ರಮ್, ಬ್ರಾಂಡಿ — ಮೂರೂ ಕೂಡಿಸಿದ ಬಾಟಲಿ ಸದಾ ಕಪಾಟಿನಲ್ಲಿರುತ್ತದೆ. ಲೋಟಕ್ಕೆ ಅದರಿಂದ ಎರಡು ಬೆರಳು. ಸಕ್ಕರೆ, ನಿಂಬೆ ಸಿಪ್ಪೆ. ಬಿಸಿ ಮಾಡಿ, ಚಮಚದ ಬೆನ್ನಿನ ಮೇಲಿಂದ ನಿಧಾನಕ್ಕೆ ಕಾಫಿ. ಕೆಳಗೆ ಜೇನಿನ ಬಣ್ಣ, ಮೇಲೆ ಕಪ್ಪು, ನಡುವೆ ಗೆರೆ. ನನ್ನ ಗೆರೆ ಯಾವತ್ತೂ ಕಲಸಿಕೊಂಡೇ ಇರುವುದು. ಸೆಕೊಂಡೋಗೆ ಸಕ್ಕರೆ ಕಮ್ಮಿ, ಸಾರಾಯಿ ಜಾಸ್ತಿ ಬೇಕಿತ್ತು. ಸಾರಾಯಿ ಹಗುರ, ಕಾಫಿಯೊಳಕ್ಕೆ ಏಳುತ್ತದೆ. ಬಂದರಿನ ಹೆಂಗಸರು ಅದಕ್ಕೇ ನನ್ನನ್ನು ಆಡಿಕೊಳ್ಳುವುದು. ಆಡಿಕೊಳ್ಳಲಿ. ಈ ಫಾನೋ ಊರಲ್ಲಿ ಇಷ್ಟು ಖಡಕ್ ಮೊರೆತ್ತಾ ಇನ್ನೊಂದು ಮನೆಯಲ್ಲಿಲ್ಲ.

ಇವತ್ತು ಗೆರೆ ದಾರ ಎಳೆದ ಹಾಗೆ ನಿಂತಿತ್ತು.

ಕೈ ಅದೇ. ಬಾಟಲಿ ಅದೇ. ಮತ್ತೆ…?

ಮಾರ್ಚ್ 6, ಬೂದಿ ಬುಧವಾರ

ಗಾಳಿ. ಮಿರ್ಕೋ ತಡವಾಗಿ ಹೊರಟ. ಅವನು ಕುಡಿಯುತ್ತಿರುವಾಗಲೇ ಪಕ್ಕದ ಮನೆ ಪಾಲ್ಮಿರಾ ಇಗರ್ಜಿಯಿಂದ ಬಂದಳು, ಹಣೆಯ ಮೇಲೆ ಬೂದಿ, ಬಾಯಿ ಎಂದಿನ ಹಾಗೆ.

"ಏನೇ ಡೆರ್ನಾ, ಮುದುಕಿ ಆದ್ಮೇಲೆ ಕೈ ಕುದುರಿತಾ? ಗೆರೆ ನೋಡು, ಅಂಗಡಿಯವನದಕ್ಕಿಂತ ಚೆನ್ನಾಗಿದೆ."

ನಕ್ಕೆ. ಪಾಲ್ಮಿರಾ ನನ್ನನ್ನು ಹೊಗಳಿದಳೆಂದರೆ ಎಲ್ಲೋ ಏನೋ ಕೆಟ್ಟಿದೆ ಅಂತಲೇ ಲೆಕ್ಕ.

ಅವಳು ಹೋದ ಮೇಲೆ ಬಾಟಲಿ ತೆಗೆದೆ. ಮೂಸಿದೆ. ಸೋಂಪಿನ ವಾಸನೆ ಗಮ್ ಎಂದಿದೆ. ರುಚಿ ನೋಡುವ ಹಾಗಿಲ್ಲ — ಹೊಟ್ಟೆಯ ಹುಣ್ಣು, ಡಾಕ್ಟರ್ ಬೈದು ಐದು ವರ್ಷವಾಯಿತು. ಚಮಚಕ್ಕೆ ಸುರಿದು ಕಡ್ಡಿ ಗೀರಿದೆ. ಹತ್ತಲಿಲ್ಲ. ಇನ್ನೊಂದು ಕಡ್ಡಿ. ಬೆರಳು ಸುಟ್ಟಿತು, ಚಮಚ ಸುಮ್ಮನೆ ನನ್ನನ್ನೇ ನೋಡುತ್ತಿತ್ತು.

ನೀರು. ಯಾರೋ ಕುಡಿದು, ಕುಡಿದಷ್ಟಕ್ಕೆ ಸೋಂಪು ಕುದಿಸಿದ ನೀರು ತುಂಬುತ್ತಿದ್ದಾರೆ.

ಮನೆಯಲ್ಲಿ ಮೂವರು. ನಾನಲ್ಲ. ಮಿರ್ಕೋಗೆ ಕದಿಯುವ ದರ್ದೇನು? ದಿನಾ ಕೈಗೇ ಕೊಡುತ್ತೇನೆ. ಉಳಿದವಳು ಸೊಸೆ ಒಬ್ಬಳೇ.

ಮಾರ್ಚ್ 9, ಶನಿವಾರ

ಸಬೀನಾಳನ್ನು ಗಮನಿಸುತ್ತಿದ್ದೇನೆ. ಗುಡ್ಡದ ಮೇಲಿನ ಊರವಳು. ಮದುವೆಯಾಗಿ ಏಳು ವರ್ಷವಾದರೂ ಮೀನು ಮುಟ್ಟುವಾಗ ಮೂಗು ಸೊಟ್ಟ. ಮಧ್ಯಾಹ್ನ ಶಾಲೆಯ ಅಡುಗೆಮನೆಯಿಂದ ಬರುತ್ತಾಳೆ. ಆ ಹೊತ್ತಿಗೆ ನಾನು ಮಲಗಿರುತ್ತೇನೆ. ಅಡುಗೆಮನೆ ಒಂದು ತಾಸು ಅವಳ ಕೈಯಲ್ಲಿ.

ಬಾಯಲ್ಲಿ ಸದಾ ಪುದೀನ ಗುಳಿಗೆ. ಯಾಕೆ?

ಈಚೆಗೆ ನನ್ನ ಜೊತೆ ಮೆತ್ತಗೆ ಬೇರೆ ಮಾತಾಡುತ್ತಾಳೆ. "ಅತ್ತೆ, ನೀವು ಕೂತ್ಕೊಳಿ, ಮಿರ್ಕೋ ಲೋಟ ನಾನು ತೊಳೀತೀನಿ." ಏಳು ವರ್ಷ ಇಲ್ಲದ ಭಕ್ತಿ ಈಗೆಲ್ಲಿಂದ ಬಂತು?

ಸಿಕ್ಕಿಬೀಳುವ ತನಕ ಬಾಟಲಿ ಬದಲಿಸುವುದಿಲ್ಲ. ಕಪಾಟಿನ ಬಾಗಿಲಿಗೆ ನನ್ನದೊಂದು ಬಿಳಿ ಕೂದಲು ಅಂಟಿಸಿದ್ದೇನೆ.

ಮಾರ್ಚ್ 12

ಕೂದಲು ಇಲ್ಲ. ಮಧ್ಯಾಹ್ನ ಮಲಗುವ ಮುಂಚೆ ಇತ್ತು.

ಮಾರ್ಚ್ 17, ಭಾನುವಾರ

ಊಟಕ್ಕೆ ಸಾರ್ಡಿನ್ ಸುಟ್ಟಿದ್ದೆ. ಸಬೀನಾಗೆ ವೈನ್ ಬಗ್ಗಿಸಲು ಹೋದರೆ ಅಂಗೈ ಅಡ್ಡ ಹಿಡಿದಳು.

"ಬೇಡ ಅತ್ತೆ. ತಪಸ್ಸು ಕಾಲ ಅಲ್ವಾ, ಈಸ್ಟರ್ ತನಕ ಬಿಟ್ಟಿದೀನಿ."

"ಎಲ್ಲಾರ ಮುಂದೆ ಮಾತ್ರ ಬಿಟ್ಟಿದೀಯೋ, ಬೆನ್ನ ಹಿಂದೇನೂ ಬಿಟ್ಟಿದೀಯೋ?"

ಮಿರ್ಕೋ ತಲೆ ಎತ್ತಿದ. "ಅಮ್ಮಾ, ಏನದು?"

"ಏನಿಲ್ಲಪ್ಪ. ಮನೇಲಿ ಇಲಿ ಸೇರ್ಕೊಂಡಿದೆ. ಬಾಟಲಿ ಮುಚ್ಚಳ ತೆಗೆಯೋ ಇಲಿ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವಳ ಕಿವಿ ಕೆಂಪಾಯಿತು. ನನಗೆ ಅಷ್ಟು ಸಾಕು. ಮಿರ್ಕೋ ಮಾತ್ರ ತಟ್ಟೆ ನೋಡುತ್ತಾ ಮುಳ್ಳು ಬಿಡಿಸಿದ, ಬಿಡಿಸಿದ, ಮುಳ್ಳೇ ಇಲ್ಲದಿದ್ದರೂ ಬಿಡಿಸಿದ.

ಪಾಪ, ನನ್ನ ಮಗ. ಈ ಚಳಿಗಾಲದಲ್ಲಿ ಎಷ್ಟು ಚೆನ್ನಾಗಿದ್ದಾನೆ. ಮೈಕೈ ತುಂಬಿಕೊಂಡಿದೆ. ಕಿಟಕಿಗಳಿಗೆ ಬಣ್ಣ ಹೊಡೆದ. ಕೆಳಗಿನ ಬಲೆ ಕೋಣೆಯನ್ನು ಗುಡಿಸಿ ಸಾರಿಸಿದ ಹಾಗೆ ಇಟ್ಟಿದ್ದಾನೆ. ಹೋದ ಶರತ್ಕಾಲದಲ್ಲಿ ಮುಖ ಕೊಟ್ಟು ಮಾತಾಡುತ್ತಿರಲಿಲ್ಲ, ಎಲ್ಲದಕ್ಕೂ ಸಿಡುಕು, ಎರಡು ಸಲ ಬುಟ್ಟಿಗಳನ್ನು ಕಡಲಲ್ಲೇ ಮರೆತು ಬಂದಿದ್ದ. ಈಗ ಹಾಡುತ್ತಾನೆ. ಇಂಥವನಿಗೆ ಹೆಂಡತಿ ಬೆನ್ನ ಹಿಂದೆ ಕುಡಿಯುತ್ತಾಳೆ ಎಂದು ಹೇಗೆ ಹೇಳಲಿ?

ಹೇಳುವುದಿಲ್ಲ. ಬೇರೆ ದಾರಿ ಇದೆ.

ಮಾರ್ಚ್ 19, ಸಂತ ಜೋಸೆಫರ ಹಬ್ಬ. ಮಧ್ಯಾಹ್ನ

ಇಬ್ಬರೂ ಹೊರಗೆ. ಆ ನೀರನ್ನೆಲ್ಲ ಮೋರಿಗೆ ಸುರಿದೆ. ಬಾಟಲಿ ತೊಳೆದೆ. ಹೊಸ ಸೋಂಪಿನ ಸಾರಾಯಿ, ಹೊಸ ರಮ್, ಒಳ್ಳೆಯ ಬ್ರಾಂಡಿ. ಸೆಕೊಂಡೋನ ಅಳತೆಯಲ್ಲೇ ಕೂಡಿಸಿದೆ, ಅವನ ಹೆಸರಲ್ಲಿ ಒಂದು ಗುಟುಕು ಮೇಲೆ. ಅಲ್ಲಾಡಿಸಿದಾಗ ವಾಸನೆ ಕಣ್ಣಿಗೇ ಹೊಡೆಯಿತು. ಚಮಚದಲ್ಲಿ ಕಡ್ಡಿ ತೋರಿಸಿದೆ, ನೀಲಿ ಬೆಂಕಿ ಭಗ್ಗೆಂದಿತು. ಖುಷಿಯಾಯಿತು. ಬಹಳ ದಿನದ ಮೇಲೆ ಖುಷಿಯಾಯಿತು.

ಈ ಬಾಟಲಿ ನನ್ನ ಕೋಣೆಯ ಬೀರುವಿನಲ್ಲಿ. ಕೀಲಿ ನನ್ನ ಕೊರಳಲ್ಲಿ. ಕಪಾಟಿನಲ್ಲಿ ಹಳೆ ಬಾಟಲಿಯೊಂದಕ್ಕೆ ಬಣ್ಣದ ನೀರು ತುಂಬಿಟ್ಟಿದ್ದೇನೆ. ಕುಡಿಯಲಿ, ಎಷ್ಟು ಬೇಕೋ ಅಷ್ಟು.

ಸೆಕೊಂಡೋ ಇದ್ದಿದ್ದರೆ ಬೆನ್ನು ತಟ್ಟುತ್ತಿದ್ದ. ಹನ್ನೊಂದು ವರ್ಷವಾಯಿತು, ಸಮುದ್ರ ಅವನನ್ನು ಕರೆದುಕೊಂಡು.

ಮಾರ್ಚ್ 20

ಗೆರೆ ಕಲಸಿತು. ನನ್ನ ಗೆರೆ, ವಾಪಸ್ ಬಂತು.

ಲೋಟ ಮಿರ್ಕೋ ಮುಂದಿಟ್ಟೆ. ಅವನು ಲೋಟ ನೋಡಿದ. ನನ್ನನ್ನು ನೋಡಿದ. ನಾನು ನಗುತ್ತಾ ನಿಂತಿದ್ದೆ. ಎಷ್ಟೋ ಹೊತ್ತು ಮುಟ್ಟಲಿಲ್ಲ. "ಆರೋಗುತ್ತೆ ಕಣೋ, ಕುಡಿ" ಎಂದೆ. ಒಂದೇ ಗುಟುಕಿಗೆ ಎತ್ತಿದ.

"ಅಪ್ಪಂದು" ಎಂದ.

"ಅಪ್ಪಂದೇ" ಎಂದೆ. ಹೋಗುವಾಗ ನನ್ನ ತಲೆಗೆ ಮುತ್ತಿಟ್ಟು ಹೋದ.

ಮಾರ್ಚ್ 21

ಇವತ್ತು ಇನ್ನೊಂದು ಕೇಳಿದ. ಕೊಟ್ಟೆ. ಚಳಿ ಇತ್ತು.

ಸಬೀನಾ ಕಪಾಟಿನ ಬಾಟಲಿ ಮುಟ್ಟಿಲ್ಲ. ಹುಷಾರಾಗಿದ್ದಾಳೆ.

ಮಾರ್ಚ್ 23

ಮಿರ್ಕೋ ತಡವಾಗಿ ಬಂದ. ಬೊಂಡಾಸ ಒಂದೇ ಪೆಟ್ಟಿಗೆ. ಬೇರೆ ದೋಣಿಗಳಿಗೆಲ್ಲ ನಾಲ್ಕೈದು ಸಿಕ್ಕಿದೆ ಎಂದಳು ಪಾಲ್ಮಿರಾ, ನಾನು ಕೇಳದಿದ್ದರೂ.

ಮಧ್ಯಾಹ್ನ ನನ್ನ ಕೋಣೆಗೆ ಬಂದು, "ಅಮ್ಮಾ, ಮೈ ಕೈ ನೋವು, ಸ್ವಲ್ಪ ಕೊಡ್ತೀಯಾ" ಎಂದ. ಸಣ್ಣವನಾಗಿದ್ದಾಗ ಕಾರ್ನಿವಾಲ್ ಮಿಠಾಯಿಗೆ ಹೀಗೇ ಕೇಳುತ್ತಿದ್ದ. ಕೀಲಿ ತೆಗೆದೆ.

ಬೀರುವಿನಲ್ಲಿದೆ ಎಂದು ಅವನಿಗೆ ಹೇಳಿದ್ದು ಯಾರು? ನಾನಂತೂ ಹೇಳಿಲ್ಲ.

ಮಾರ್ಚ್ 27, ಬುಧವಾರ. ಸಂಜೆ

ಆದದ್ದು ಆದ ಹಾಗೇ ಬರೆಯುತ್ತೇನೆ.

ಮಿರ್ಕೋ ಬಂದರಿನ ಕಾಲುವೆಗೆ ತಿರುಗುವಾಗ ದೋಣಿಯ ಮೂತಿಯನ್ನು ಕಲ್ಲುಕಟ್ಟೆಗೆ ಗುದ್ದಿಸಿದ. ಹಣೆ ಒಡೆದಿದೆ, ಹೊಲಿಗೆ ಹಾಕಿದ್ದಾರೆ. ಆಸ್ಪತ್ರೆಯಿಂದ ಸಬೀನಾ ಕರೆತಂದು ಮಲಗಿಸಿದಳು. ಗಾಳಿ ಇತ್ತು ಎಂದೆ. ಅವಳು ನೇರ ಕಪಾಟಿಗೆ ಹೋಗಿ ಬಾಟಲಿ ತೆಗೆದು, ನಾಲಿಗೆಗೆ ಒಂದು ಹನಿ ಇಟ್ಟುಕೊಂಡಳು.

"ಇದು ಬರೀ ನೀರು. ಅವನು ಕುಡೀತಿರೋದು ಎಲ್ಲಿದೆ ಅತ್ತೆ?"

"ಕಳ್ಳಿ ನೀನೇ ನನ್ನ ಕೇಳ್ತೀಯಾ?"

"ನಾನು ಕದ್ದಿದ್ದು ನಿಜ. ಡಿಸೆಂಬರಿಂದ ಕದೀತಿದೀನಿ. ವಾರ ವಾರ ಒಂದು ಲೋಟ ತೆಗ್ದು ಮೋರಿಗೆ ಹಾಕಿ, ಸೋಂಪಿನ ನೀರು ಹಾಕ್ತಿದ್ದೆ. ಒಂದೇ ಸಲ ಬಿಡಿಸಿದ್ರೆ ಅವ್ನು ನಡುಗ್ತಾನೆ ಅಂತ ಸ್ವಲ್ಪ ಸ್ವಲ್ಪ. ಅರ್ಧಕ್ಕೆ ಬಂತು, ಕಾಲಿಗೆ ಬಂತು, ಬರೀ ನೀರಿಗೆ ಬಂತು. ಮೂರು ವಾರದಿಂದ ಒಂದು ತೊಟ್ಟೂ ಇರ್ಲಿಲ್ಲ ಅದ್ರಲ್ಲಿ."

ಅವಳು ತೆರೆದ ಕಪಾಟು ಮುಚ್ಚಿದೆ.

"ನಂಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ದೆ. ನವೆಂಬರಲ್ಲಿ ಇದೇ ಒಲೆ ಮುಂದೆ ನಿಂತ್ಕೊಂಡು ಹೇಳಿದ್ದೆ, ಮನೇಲಿ ಒಂದು ಕುಡ್ದು ಬಂದರಲ್ಲಿ ಮೂರು ಕುಡೀತಾನೆ ಅಂತ. ಗುಡ್ಡದವ್ರಿಗೆ ಕಡಲಿನ ಚಳಿ ಏನು ಗೊತ್ತು ಅಂದ್ರಿ ನೀವು."

ಅಂದಿದ್ದೆ. ನೆನಪಿದೆ.

"ಅವನಪ್ಪ ದಿನಾ ಕುಡ್ದೇ ಕಡಲಿಗೆ ಹೋಗ್ತಿದ್ರು" ಎಂದೆ. "ಬಂದರಿನ ಗಂಡಸರು ಹಾಗೇ."

"ಮಾವ ಎಲ್ಲಿ ಬಿದ್ರು ಅತ್ತೆ? ಬಂದರಿನ ದಕ್ಕೆಗೆ ಕಟ್ಟಿದ ದೋಣಿಯಿಂದ ಬಿದ್ರು. ಅವತ್ತು ನೀರು ಅಲ್ಲಾಡ್ತಾ ಇರ್ಲಿಲ್ಲ. ಊರಿಗೆಲ್ಲ ಗೊತ್ತು. ನೀವೊಬ್ರೇ ಸಮುದ್ರ ಸಮುದ್ರ ಅಂತೀರಿ."

ಅವಳಿಗೊಂದು ಹೊಡೆಯಬೇಕು ಎನಿಸಿತು ನನಗೆ. ಕೈ ಎತ್ತಿದೆ ಕೂಡ. ಎತ್ತಿದ ಕೈ ಕೊರಳಿಗೆ ಹೋಯಿತು. ಕೀಲಿ ಬಿಚ್ಚಿ ಮೇಜಿನ ಮೇಲಿಟ್ಟೆ.

ಮಾರ್ಚ್ 28

ಮಿರ್ಕೋ ಎದ್ದು ಅಡುಗೆಮನೆಗೆ ಬಂದ. ಸಬೀನಾ ಶಾಲೆಗೆ ಹೋಗಿದ್ದಳು. ಹಣೆಯ ಪಟ್ಟಿ ಕಣ್ಣಿಗೆ ಇಳಿದಿತ್ತು. ನಾನು ಎಲ್ಲ ಹೇಳಿದೆ, ನೀರಿನ ವಿಷಯ, ಅವಳು ಮಾಡಿದ್ದು, ನಾನು ಮಾಡಿದ್ದು. ಬೈಯುತ್ತಾನೆ ಎಂದುಕೊಂಡಿದ್ದೆ. ಅವಳಿಗೋ ನನಗೋ.

"ಗೊತ್ತಿತ್ತಮ್ಮ" ಎಂದ.

"ಏನು ಗೊತ್ತಿತ್ತು?"

"ನೀರು ಹಾಕ್ತಿದಾಳೆ ಅಂತ. ನಾಲಿಗೆ ಇಲ್ವಾ ನಂಗೆ? ಕ್ರಿಸ್ಮಸ್ ಹೊತ್ತಿಗೇ ಗೊತ್ತಾಯ್ತು."

"ಮತ್ತೆ ಸುಮ್ನೆ ಯಾಕಿದ್ದೆ?"

"ಬಿಡ್ತೀನಿ ಅಂತ ಬಾಯಿ ಬಿಟ್ಟು ಹೇಳಿದ್ರೆ ಎಲ್ರೂ ಕಾಯ್ತಾ ಕೂರ್ತೀರಿ, ಇವತ್ತು ಕುಡಿದ್ನಾ, ನಾಳೆ ಕುಡೀತಾನಾ ಅಂತ. ಮೂಸ್ತೀರಿ. ಹೀಗಿದ್ರೆ, ನಾನೇ ಬಿಡ್ತಿರೋದು ಅವಳಿಗೂ ಗೊತ್ತಿಲ್ಲ, ನಿಂಗೂ ಗೊತ್ತಿಲ್ಲ. ಬಂದರಲ್ಲಿ ಕುಡಿಯೋದು ನಾನೇ ನಿಲ್ಲಿಸ್ದೆ. ಬೆಳಗ್ಗೆ ಎದ್ದು ನಿನ್ನ ಕೈಯಿಂದ ಲೋಟ ಇಸ್ಕೊಂಡು ಕುಡ್ದು ಹೋಗ್ತಿದ್ದೆ. ಚೆನ್ನಾಗೇ ನಡೀತಿತ್ತು."

"ಮತ್ತೆ ಅವತ್ತು… ನಾನು ಹೊಸದು ಕೊಟ್ಟಾಗ? ಬೇಡ ಅನ್ನಬಾರದಿತ್ತಾ?"

ಕಣ್ಣಿಗಿಳಿದ ಪಟ್ಟಿಯನ್ನು ಮೇಲಕ್ಕೆ ಸರಿಸಿದ.

"ಮೂಗಿನ ಹತ್ರ ತರೋ ಮುಂಚೇನೇ ಗೊತ್ತಾಯ್ತು. ನೀನು ನಗ್ತಾ ನಿಂತಿದ್ದೆ."

ಕುರ್ಚಿ ಹಿಂದಕ್ಕೆ ತಳ್ಳಿ ಹೋದ.

ಒಬ್ಬಳೇ ಕೂತು ಅತ್ತುಬಿಟ್ಟೆ. ಒಲೆ ಹಚ್ಚಲಿಲ್ಲ. ಮನೆಯಲ್ಲಿ ಎಲ್ಲರ ಮೇಲೂ ಕಣ್ಣಿಟ್ಟೆ, ಬಾಗಿಲಿಗೆ ಕೂದಲು ಅಂಟಿಸಿದೆ, ಕಣ್ಣೆದುರು ಕೂತ ಮಗನ ಮುಖ ಮಾತ್ರ ಓದಲಿಲ್ಲ. ಅವನು ನಾಲ್ಕು ತಿಂಗಳು ಕಷ್ಟಪಟ್ಟು ಕಟ್ಟಿದ್ದನ್ನು ನಾನು ಒಂದು ಬೆಳಗ್ಗೆ ನಗುನಗುತ್ತಾ ಕೆಡವಿದೆ.

ಏಪ್ರಿಲ್ 5, ಶುಕ್ರವಾರ

ಹೊಲಿಗೆ ಬಿಚ್ಚಿದ್ದಾರೆ. ದೋಣಿಯ ಮೂತಿಗೆ ತೇಪೆ ಹಾಕಿದ್ದಾಯಿತು. ಮಿರ್ಕೋ ಇವತ್ತು ಮತ್ತೆ ಹೋದ.

ಬರೀ ಕಾಫಿ ಕೊಟ್ಟೆ. ಮನೆಯಲ್ಲಿ ಈಗ ಬಾಟಲಿಯೇ ಇಲ್ಲ. ಅರ್ಧ ಕುಡಿದು ಲೋಟ ಇಟ್ಟ. ಕೈ ಸ್ವಲ್ಪ ನಡುಗುತ್ತಿತ್ತು, ಅದನ್ನು ಜೇಬಿಗೆ ಹಾಕಿಕೊಂಡ. ನಾನು ನಗಲಿಲ್ಲ.

ದಕ್ಕೆಯ ಗೂಡಂಗಡಿ ದೋಣಿಗಳಿಗಿಂತ ಮುಂಚೆ ಏಳುತ್ತದೆ. ಅಲ್ಲಿ ಮೊರೆತ್ತಾ ಕೇಳಿದವನಿಗೆ ಇಲ್ಲ ಎನ್ನುವುದಿಲ್ಲ. ಪಾಲ್ಮಿರಾಳ ಕಿಟಕಿಯಿಂದ ನೋಡಿದರೆ ಯಾರು ನಿಂತರು, ಯಾರು ಹಾಗೇ ಹೋದರು, ಎಲ್ಲ ಕಾಣುತ್ತದೆ. ಕೇಳಿದರೆ ಸಾಕು, ಅವಳು ಬಣ್ಣ ಹಚ್ಚಿ ಹೇಳುತ್ತಾಳೆ.

ಚಪ್ಪಲಿ ಹಾಕಿಕೊಂಡೆ. ಬಾಗಿಲ ತನಕ ಹೋದೆ. ವಾಪಸ್ ಬಂದು ಬಿಚ್ಚಿದೆ.

ಸಬೀನಾ ಇವತ್ತು ಶಾಲೆಗೆ ರಜೆ ಹಾಕಿದ್ದಳು. ಯಾಕೆಂದು ನಾನು ಕೇಳಲಿಲ್ಲ.

"ಹೋಗಿ ನೋಡಿದ್ರಾ?" ಎಂದಳು.

"ಇಲ್ಲ. ನೀನು?"

"ಇಲ್ಲ."

ಬೊಂಡಾಸದ ಜೊತೆಗೆ ಹಾಕಲು ಹಸಿ ಬಟಾಣಿ ತಂದಿದ್ದಳು. ಎದುರುಬದುರು ಕೂತು ಸುಲಿದೆವು. ಬೊಂಡಾಸ ಬರುತ್ತದೋ ಇಲ್ಲವೋ ಗೊತ್ತಿಲ್ಲ, ಬಟಾಣಿ ಮಾತ್ರ ಹತ್ತು ಜನಕ್ಕಾಗುವಷ್ಟಾಯಿತು. "ನಿಮ್ಮ ಊರಲ್ಲಿ ಬಟಾಣಿಗೆ ಏನು ಹಾಕ್ತೀರಿ?" ಎಂದು ಕೇಳಿದೆ. ಏಳು ವರ್ಷದಲ್ಲಿ ಅವಳ ಊರಿನ ಬಗ್ಗೆ ನಾನು ಕೇಳಿದ ಮೊದಲ ಮಾತು. "ಹಂದಿ ಕೆನ್ನೆ" ಎಂದಳು. ಚೆನ್ನಾಗಿರುತ್ತದೆ ಎಂದೆ.

ಮೂರು ಗಂಟೆ

ಇಂಜಿನ್ ಸದ್ದು. ನಮ್ಮದೇ. ಕಾಲುವೆಯೊಳಗೆ ಬಂತು. ಏನೂ ಗುದ್ದಲಿಲ್ಲ. ನಿಂತಿತು.

ಅವಳು ಕಿಟಕಿಗೆ ಹೋಗಲಿಲ್ಲ. ನಾನೂ ಹೋಗಲಿಲ್ಲ. ಸುಮ್ಮನೆ ಕೂರಲಾಗದೆ ಇದನ್ನು ಬರೆಯುತ್ತಿದ್ದೇನೆ.

ಕೆಳಗೆ ಬಲೆ ಕೋಣೆಯ ಬಾಗಿಲು. ಈಗ ಮೆಟ್ಟಿಲು. ಸಬೀನಾಳ ಕೈಯಲ್ಲಿ ಬಟಾಣಿ ಸಿಪ್ಪೆ ಹಾಗೇ ಇದೆ, ಹೆಜ್ಜೆ ಎಣಿಸುತ್ತಿದ್ದಾಳೆ. ನಾನೂ. ಸೆಕೊಂಡೋ ಬರುವಾಗ ಇದೇ ಕುರ್ಚಿಯಲ್ಲಿ ಹೀಗೇ ಕಿವಿಗೊಟ್ಟು ಕೂರುತ್ತಿದ್ದೆ. ಹೆಜ್ಜೆ ಸಮ ಬೀಳುತ್ತಿದೆಯೋ, ಗೋಡೆ ಹಿಡಿದು ಬರುತ್ತಿದ್ದಾನೋ ಎಂದು. ನನಗೆ ಆಗಲೂ ಎಲ್ಲ ಗೊತ್ತಿತ್ತು.

ಒಂದು ಹೆಜ್ಜೆ. ಇನ್ನೊಂದು. ಸಮ ಇದೆ. ಇನ್ನೊಂದು.

ನಿಂತ.

ಯಾಕೆ ನಿಂತ? ಬೂಟು ಬಿಚ್ಚುತ್ತಿರಬಹುದು. ಪೆಟ್ಟಿಗೆ ಭಾರ ಇರಬಹುದು. ಅಥವಾ ಗೋಡೆ ಹಿಡಿದಿರಬಹುದು.