ಏಳನೇ ಕಂಬಳಿ

ಫೆಬ್ರುವರಿ 8, ಶನಿವಾರ. ಹಾಸ್ಟೆಲ್, ನಿಡಸೋಸಿ

ಬರೆಯುತ್ತಿರುವುದಕ್ಕೇ ಸಾರಿ. ಯಾರಿಗೆ ಸಾರಿಯೋ ಗೊತ್ತಿಲ್ಲ. ಫಿಸಿಕ್ಸ್ ಅಸೈನ್‌ಮೆಂಟ್ ಬಾಕಿ ಇದೆ. ಆದರೆ ಬರೆದರೆ ಮನಸ್ಸು ಹಗುರಾಗುತ್ತದೆ — ಐದನೇ ಕ್ಲಾಸಿನಿಂದ ಹಾಸ್ಟೆಲ್‌ಗಳಲ್ಲಿ ಕಲಿತದ್ದು ಇಷ್ಟೇ.

ಲೋಕಲ್ ಹಿಸ್ಟರಿ ಪ್ರಾಜೆಕ್ಟ್. ಎಲ್ಲರೂ ಗೋಕಾಕ ಫಾಲ್ಸ್ ತಗೊಂಡರು. ನಾನು ನಮ್ಮೂರಿನ ಹಾರುದಿಬ್ಬ. ಸುಗ್ಗಿ ಮುಗಿದ ಮೇಲೆ ಒಣಹುಲ್ಲಿನ ಇಳಿಜಾರು, ಕುಸುಬಿ ಎಣ್ಣೆ ಹಚ್ಚಿದ ಹಲಗೆ. ಅದರ ಮೇಲೆ ನಿಂತು ಜಾರಿ, ತುದಿಯ ಬಂಡೆಯಿಂದ ಹಾರಿ, ಹೊಟ್ಟಿನ ರಾಶಿಗೆ ಬೀಳುತ್ತಿದ್ದರು. ದೂರ ಅಳೆಯುವುದು ಕಂಬಳಿ ಹಾಸಿ, ಅಂಚಿಗೆ ಅಂಚು ಹಚ್ಚಿ. ಆರು ಕಂಬಳಿ ದಾಟಿದವರು ಯಾರೂ ಇರಲಿಲ್ಲ. ನನ್ನ ಅಜ್ಜ ಅಲ್ಲಾಬಕ್ಷ ಏಳು ಹಾರಿದ. ಅದೇ ಹಾರಿಕೆಯಲ್ಲಿ ಕಾಲು ಮುರಿಯಿತು. ಆಮೇಲೆ ಯಾವ ತಾಯಿಯೂ ಮಗನನ್ನು ದಿಬ್ಬಕ್ಕೆ ಬಿಡಲಿಲ್ಲ. ಈಗ ಅಲ್ಲಿ ಬರೀ ಜಾಲಿಮುಳ್ಳಿನ ಕಂಟಿ.

ಫೆಬ್ರುವರಿ 9, ಭಾನುವಾರ. ಊರು

ಖಂಡೆಪ್ಪ ಕಾಕಾ ಎಂದಿನಂತೆ ಭಾನುವಾರದ ಚಹಾಕ್ಕೆ ಬಂದಿದ್ದ. ಕುರಿಗಾರ, ಅಜ್ಜನ ಜೀವದ ಗೆಳೆಯ. ಅಜ್ಜ ಹಾರಿದ ದಿನ ಕಂಬಳಿ ಹಾಸಿ ಅಳೆದವನು ಅವನೇ.

"ಎಷ್ಟ ಸಕ್ಕರಿ ಹಾಕ್ಕೊಂತಿಯೋ ಮುದುಕಾ? ನಿನ್ನ ಕುರಿಗೂ ಶುಗರ್ ಬರ್ತೈತಿ," ಅಂದ ಅಜ್ಜ.

"ಸುಮ್ಕುಂಡ್ರೋ ಕುಂಟಾ. ಹಾರಿದಾಗಿನ ಸೊಕ್ಕ ಇನ್ನೂ ಇಳದಿಲ್ಲ ನಿಂದು."

ಅಜ್ಜನಿಗೆ ಹತ್ತಲಾಗದು. ಕಾಕಾನ ಜೊತೆ ನಾನೇ ದಿಬ್ಬಕ್ಕೆ ಹೋದೆ. ಅಜ್ಜ ಬಿದ್ದಲ್ಲಿ ನೆಟ್ಟ ಕಲ್ಲು ಇನ್ನೂ ಇದೆ. ಬಂಡೆಯಿಂದ ಕಲ್ಲಿನವರೆಗೆ ಟೇಪ್ ಹಿಡಿದೆ, ಕಾಕಾನ ಕಂಬಳಿಯನ್ನೂ ಅಳೆದೆ. ಆರು ಕಂಬಳಿಗೇ ಜಾಗ ಮುಗಿಯುತ್ತದೆ. ಮತ್ತೆ ಅಳೆದೆ. ಕಾಕಾ ನೆಲ ನೋಡುತ್ತ ನಿಂತಿದ್ದ.

"ಒಂದರ ಮ್ಯಾಲೊಂದು ಮೊಳ ಮೊಳ ಏರಿಸಿ ಹಾಸಿದ್ನಿ, ಹೀನಾ. ಎಲ್ಲಾರೂ ನಿಮ್ಮಜ್ಜನ ಸುತ್ತ ನಿಂತಿದ್ರು, ಕಂಬಳಿ ಕಡೆ ಯಾರ ನೋಡ್ತಾರ? ಕಾಲಂತೂ ಹೋತು, ಹೆಸರಾದ್ರೂ ಉಳೀಲಿ ಅಂತ... ಅಂವಗ ಗೊತ್ತಿಲ್ಲ. ನೀ ಹೇಳಬ್ಯಾಡ ಮತ್ತ."

ಪ್ರಾಮಿಸ್ ಅಂದೆ.

ಫೆಬ್ರುವರಿ 14, ಶುಕ್ರವಾರ. ಸಂಜೆ

ಹೇಳಿಬಿಟ್ಟೆ.

ಇವತ್ತಿನ ಪ್ರಾಜೆಕ್ಟ್ ಪ್ರೆಸೆಂಟೇಶನ್‌ನ ಸ್ಲೈಡ್‌ಗಳಲ್ಲಿ ಹಾಕಿರಲಿಲ್ಲ, ಖರೆ. ಕೊನೆಗೆ ಸರ್, "ವಾಟ್ ಈಸ್ ಯುವರ್ ಫೈಂಡಿಂಗ್?" ಅಂದರು. ಎಲ್ಲರೂ ನೋಡುತ್ತಿದ್ದರು. ಬಾಯಿಗೆ ಅದೇ ಬಂತು — ದ ರೆಕಾರ್ಡ್ ಈಸ್ ಫೇಕ್. ಕಂಬಳಿ ವಿಷಯ ಪೂರ್ತಿ ಹೇಳಿದೆ. ಚಪ್ಪಾಳೆ. ನನಗೆ ಖುಷಿಯೂ ಆಯಿತು... ಅದನ್ನೇ ನೆನೆಸಿಕೊಳ್ಳಲಾಗುತ್ತಿಲ್ಲ.

ಯಾರೋ ವಿಡಿಯೋ ಮಾಡಿದ್ದಾರೆ.

ಫೆಬ್ರುವರಿ 22, ಶನಿವಾರ

ಬರೆಯಲು ಆಗಲಿಲ್ಲ. ವಿಡಿಯೋ ಊರಿನ ಗ್ರೂಪಿಗೆ ಹೋಗಿದೆ. ಕಳೆದ ಭಾನುವಾರ ಕಾಕಾ ಚಹಾಕ್ಕೆ ಬಂದಾಗ ಅಜ್ಜ ಒಳಗೆ ಹೋಗಿ ಬಾಗಿಲು ಹಾಕಿಕೊಂಡನಂತೆ.

ಅಮ್ಮಿ ಫೋನಿನಲ್ಲಿ: "ನಿನ್ನ ಮ್ಯಾಲೆ ಸಿಟ್ಟಿಲ್ಲ ಅಂವಗ. 'ಇಷ್ಟ ವರ್ಷ ನನ್ನ ಬಾಜೂಕ ಕುಂತ ಚಹಾ ಕುಡದಾನ, ಒಳಗೊಳಗ ಅಯ್ಯೋ ಪಾಪ ಅಂದಾನ' ಅಂತಾನ. ಉಣವಲ್ಲ."

ನನ್ನ ಮೇಲೆ ಸಿಟ್ಟು ಮಾಡಿಕೊಳ್ಳಬಾರದಿತ್ತೇ? ಬೈಯಬಾರದಿತ್ತೇ?

ಪ್ರಭುನ ಮೆಸೇಜ್. ಕಾಕಾನ ಮೊಮ್ಮಗ, ಅರಭಾವಿ ಕಾಲೇಜಿನವನು, ರಜೆಗೆ ಅವರ ಜೊತೆ ಇದ್ದಾನೆ. "ನಮ್ಮಜ್ಜ ನಾಳಿ ಕುರಿ ಹೊಡಕೊಂಡು ಮೂಡಲಗಿ ಕಡೆ ಹೊಂಟಾನ. ನಿಮ್ಮೂರ ಕಡೆ ಇನ್ನ ಬರೂದಿಲ್ಲಂತ. ಥ್ಯಾಂಕ್ಸ್ ಹೀನಾ."

ಸಾರಿ ಟೈಪ್ ಮಾಡಿದೆ. ಅಳಿಸಿದೆ.

ಫೆಬ್ರುವರಿ 23, ಭಾನುವಾರ. ಬೆಳಿಗ್ಗೆ, ದಿಬ್ಬದ ಮೇಲೆ

ಮೊದಲ ಬಸ್ಸಿಗೆ ಬಂದೆ. ಅಜ್ಜ ಮನೆಯಲ್ಲಿರಲಿಲ್ಲ. ಇಲ್ಲಿ ಸಿಕ್ಕ, ತುದಿಯ ಬಂಡೆಯ ಮೇಲೆ. ಹೇಗೆ ಹತ್ತಿದನೋ. ಧೋತರದ ತುಂಬ ಮುಳ್ಳು.

ಕಾಕಾನಿಗೆ ಮಾತು ಕೊಟ್ಟದ್ದು, ತಪ್ಪಿದ್ದು, ಖುಷಿಯಾದದ್ದು — ಎಲ್ಲ ಹೇಳಿದೆ. ಅಜ್ಜ ಕೆಳಗಿನ ಕಲ್ಲನ್ನೇ ನೋಡುತ್ತಿದ್ದ.

"ಇಷ್ಟ ಹತ್ರ ಬಿದ್ದಿದ್ನೇನ ನಾ?"

ಅವನ ಧೋತರದ ಮುಳ್ಳು ಕೀಳುತ್ತ ಕೂತೆ. ಕೊನೆಯ ಮುಳ್ಳು ಕಿತ್ತಾಗ ಅಜ್ಜ ಅಂದ:

"ಆ ಮುದುಕಗ ಕಂಬಳಿ ತಗೊಂಡ ಬರಾಕ ಹೇಳು. ನನ್ನ ಮುಂದ ಹಾಸಲಿ. ಈ ಸರ್ತಿ ಅಂಚಿಗೆ ಅಂಚು. ಅಲ್ಲೀತನಕ ನಾ ಇಳ್ಯಾಂವಲ್ಲ."

ಪ್ರಭುನ ಫೋನ್ ನಾಟ್ ರೀಚಬಲ್. ಮೆಸೇಜ್ ಹಾಕಿದೆ. ಒಂದೇ ಟಿಕ್. ಕಳಿಸಿದ್ದನ್ನೇ ಇಲ್ಲೂ ಬರೆಯುತ್ತಿದ್ದೇನೆ —

ಪ್ರಭು, ಕುರಿ ಹೊಂಟಿದ್ರ ನಿಂದ್ರಸು. ನಮ್ಮಜ್ಜ ದಿಬ್ಬದ ಮ್ಯಾಲೆ ಕಾಯಾಕತ್ತಾನ. ಕಾಕಾಗ ಕಂಬಳಿ ತಗೊಂಡ ಬಾ ಅನ್ನು. ಲಗೂ ರಿಪ್ಲೈ ಮಾಡು.